ಹಬ್ಬದ ಮರುದಿನ

ಹಬ್ಬದ ಅಡಿಗೆಯನ್ನು ವರ್ಣಿಸಿದ ಕವಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಎಲೆಯ ತುದಿಗೆ ಬಡಿಸಿದ ಉಪ್ಪಿನಿಂದ ಹಿಡಿದು ಕೊನೆಯ ಮೊಸರಿನವರೆಗೆ ಅವರ ಕಣ್ಣಿಗೆ ಬೀಳದ ಪದಾರ್ಥವಿಲ್ಲ. ಆದರೆ ಎಲೆ ಎತ್ತಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಏನಾಯಿತು, ಅದನ್ನು ಯಾರು ಉಂಡರು ಎಂಬುದನ್ನು ವಿಚಾರಿಸಿದವರು ವಿರಳ. ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಚರಿತ್ರೆಯ ಮನೆಯನ್ನು ಹಿತ್ತಲ ಬಾಗಿಲಿನಿಂದ ಹೊಕ್ಕಂತಾಗುತ್ತದೆ. ಈ ಹೊತ್ತು ನಾನು ಆ ಬಾಗಿಲಿನಿಂದಲೇ ಒಳಗೆ ಹೋಗಲು ಬಯಸುತ್ತೇನೆ.

ಮೊದಲು ಪದವನ್ನು ನೋಡೋಣ. 'ತಂಗಳು' ಎಂದರೆ ತಣ್ಣನೆಯ ಕೂಳು. ತಣ್, ಕೂಳ್ ಎಂಬ ಎರಡು ಹಳೆಯ ಮಾತುಗಳು ಕೂಡಿ ಸವೆದು ಆದ ರೂಪ. ಈ ಮಾತಿನ ಹುಟ್ಟಿನಲ್ಲಿ ಯಾವ ನಿಂದೆಯೂ ಇಲ್ಲ. ಇದರ ನೆರೆಯಲ್ಲಿರುವ 'ಎಂಜಲು' ಹಾಗಲ್ಲ. ತಂಗಳಾಗುವುದಕ್ಕೆ ಹೊತ್ತು ಕಳೆದರೆ ಸಾಕು. ಎಂಜಲಾಗುವುದಕ್ಕೆ ಒಬ್ಬನ ಬಾಯಿ ತಾಕಬೇಕು. 'ಮುಸುರೆ' ಮತ್ತೊಂದು ಬಗೆ: ನೀರಿನಲ್ಲಿ ಬೆಂದ ಅನ್ನದ ಸೋಂಕು ಅದು. ದೇವರ ಮುಂದಿಟ್ಟು ಮಿಕ್ಕದ್ದಾದರೆ ಅದೇ ಅನ್ನ 'ಪ್ರಸಾದ'ವಾಗಿ ಕಣ್ಣಿಗೊತ್ತಿಕೊಳ್ಳುವ ವಸ್ತುವಾಗುತ್ತದೆ. ಮಿಕ್ಕ ಒಂದು ಹಿಡಿ ಅನ್ನಕ್ಕೆ ಇಷ್ಟೊಂದು ಹೆಸರುಗಳನ್ನಿಟ್ಟ ಜನ ಅದನ್ನು ಕುರಿತು ಸಾಕಷ್ಟು ತಲೆ ಕೆಡಿಸಿಕೊಂಡಿರಬೇಕು.

ಶಾಸ್ತ್ರಕಾರರು ತಲೆ ಕೆಡಿಸಿಕೊಂಡದ್ದಂತೂ ನಿಜ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಹಳಸಿದ, ಸಾರ ಹೋದ, ಎಂಜಲಾದ ಆಹಾರವನ್ನು ತಾಮಸರಿಗೆ ಪ್ರಿಯವಾದದ್ದೆಂದು ತಳ್ಳಿಹಾಕುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯವೂ ಹುಳಿತದ್ದನ್ನು ನಿಷೇಧಿಸುತ್ತದೆ. ಆದರೆ ಒಡನೆಯೇ ವಿನಾಯಿತಿಗಳನ್ನು ಕೊಡತೊಡಗುತ್ತದೆ. ಹುಳಿತದ್ದರಲ್ಲಿ ಮೊಸರು ಮತ್ತು ಮೊಸರಿನಿಂದಾದದ್ದು ಸಲ್ಲುತ್ತದೆ. ಎಣ್ಣೆ ತುಪ್ಪಗಳ ಜಿಡ್ಡು ಸೇರಿದ ಭಕ್ಷ್ಯ ರಾತ್ರಿ ಕಳೆದರೂ ಸಲ್ಲುತ್ತದೆ. ಯಜ್ಞದಲ್ಲಿ ಉಳಿದ ಹವಿಸ್ಸು ಸಲ್ಲುತ್ತದೆ. ಜವೆ, ಗೋದಿ, ಹಾಲುಗಳಿಂದ ಮಾಡಿದ ಪದಾರ್ಥಗಳು ಬಹು ಹೊತ್ತಿನವಾದರೂ ಸಲ್ಲುತ್ತವೆ. ಈ ಪಟ್ಟಿಯನ್ನು ಓದುವಾಗ, ನಿಯಮವನ್ನು ರಚಿಸಿದವನ ಹಿಂದೆ ಒಬ್ಬ ಗೃಹಿಣಿ ನಿಂತು, 'ಹಾಗಾದರೆ ಈ ಮೊಸರನ್ನೇನು ಮಾಡಲಿ, ಈ ಕರಿದದ್ದನ್ನೇನು ಮಾಡಲಿ' ಎಂದು ಕೇಳುತ್ತಿದ್ದಳೇನೋ ಎಂಬ ಅನುಮಾನ ನನಗೆ ಬರುತ್ತದೆ. ಎಳ್ಳೆಣ್ಣೆ ಹುಣಿಸೆಹುಳಿಗಳಲ್ಲಿ ಕಲಸಿದ ಪುಳಿಯೋಗರೆ ಮೇಲುಕೋಟೆಯ ಯಾತ್ರಿಕನ ಬುತ್ತಿಯಲ್ಲಿ ಎರಡು ದಿನ ಕೆಡದೆ ಉಳಿಯುವುದೂ, ಮಡಿವಂತರು ಅದನ್ನು ಸಂಕೋಚವಿಲ್ಲದೆ ಉಣ್ಣುವುದೂ ಈ ವಿನಾಯಿತಿಯ ನೆರಳಿನಲ್ಲಿಯೇ.

ನಮ್ಮ ಪಾಕಗ್ರಂಥಗಳ ಕಡೆಗೆ ತಿರುಗಿದರೆ ಅಲ್ಲಿ ಕಾಣುವುದು ಬೇರೆಯದೇ ಲೋಕ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ', ಅದಕ್ಕೂ ನೂರು ವರ್ಷ ಹಿಂದಿನ, 1025ರ ಸುಮಾರಿನ 'ಲೋಕೋಪಕಾರ', ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ', ಇವೆಲ್ಲ ತುಂಬಿದ ಉಗ್ರಾಣವುಳ್ಳವರ ಗ್ರಂಥಗಳು. ಪಿಷ್ಟಪಾಕಕ್ಕೆ, ಪಾನಕಕ್ಕೆ, ಶಾಕಪಾಕಕ್ಕೆ ಮಂಗರಸನಲ್ಲಿ ಅಧ್ಯಾಯಗಳುಂಟು, ತಂಗಳಿಗೆಂದು ಅಧ್ಯಾಯವಿಲ್ಲ. ಅರಮನೆಯಲ್ಲಿ ಮಿಕ್ಕದ್ದು ಅರಸನ ಚಿಂತೆಯಲ್ಲವಷ್ಟೆ. ಆದರೂ ಲೋಕೋಪಕಾರದ ಕರ್ತೃ ಚಾವುಂಡರಾಯನಲ್ಲಿ ಒಂದು ಕಡೆ ಮನೆವಾರ್ತೆಯ ಜಾಣ್ಮೆ ಇಣುಕುತ್ತದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳ ಜತೆಗೆ ಮೊಸರಿನ ತಿಳಿನೀರನ್ನು ಬೆರಸುವ ಕ್ರಮವನ್ನು ಅವನು ಹೇಳುತ್ತಾನೆ. ಮೊಸರಿನ ಮೇಲೆ ನಿಂತ ನೀರನ್ನು ಚೆಲ್ಲದೆ ಹಿಟ್ಟಿಗೆ ಹೊಯ್ಯುವ ಕೈ ಇಂದಿಗೂ ನಮ್ಮ ಮನೆಗಳಲ್ಲಿದೆ.

ಈ ಗ್ರಂಥಗಳಲ್ಲಿ 'ಮೆಣಸು' ಎಂದರೆ ಕರಿಮೆಣಸು. ಮೆಣಸಿನಕಾಯಿ ಅಮೆರಿಕೆಯ ಗಿಡ. ಅದು 1498ರ ಅನಂತರ ಪೋರ್ಚುಗೀಸರ ಹಡಗುಗಳ ದಾರಿಯಲ್ಲಿ ನಮ್ಮ ಕರಾವಳಿಗೆ ಬಂದದ್ದು. ಕಡಲೆಕಾಯಿಯೂ ಆ ಖಂಡದ್ದೇ. ಹೀಗಾಗಿ ರಾತ್ರಿ ಮಿಕ್ಕ ಅನ್ನಕ್ಕೆ ಬೆಳಗ್ಗೆ ನಾವು ಹಾಕುವ ಒಗ್ಗರಣೆಯಲ್ಲಿ ಸಾಸಿವೆ, ಅರಿಸಿನ, ಕರಿಬೇವು, ಹುಳಿ ಮಾತ್ರ ಹಳಬರು; ಹಸಿಮೆಣಸಿನಕಾಯಿ, ಕಡಲೆಕಾಯಿಬೀಜ ಹೊಸಬರು. ಪುರಾತನವೆಂದು ನಾವು ಭಾವಿಸುವ ಚಿತ್ರಾನ್ನಕ್ಕೆ ಅದರ ಇಂದಿನ ರೂಪದಲ್ಲಿ ನಾನ್ನೂರು ಐನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಲಾರದು. ಚಿತ್ರಾನ್ನಕ್ಕೆ ಆರಿದ ಅನ್ನವೇ ಮೇಲೆಂದು ಹೆಂಗಸರು ಹೇಳುವುದಕ್ಕೆ ಕಾರಣವಿದೆ. ಬೆಂದ ಅಕ್ಕಿಯ ಗಂಜಿಯ ಅಂಶ ತಣಿದಾಗ ಮತ್ತೆ ಬಿಗಿದುಕೊಳ್ಳುತ್ತದೆ, ಅಗಳು ಅಗಳಿಗೆ ಅಂಟುವುದಿಲ್ಲ. ಹುಳಿ ಹಿಂಡುವುದೂ ಬರಿಯ ರುಚಿಗಾಗಿಯಲ್ಲ. ಅಕ್ಕಿಯಲ್ಲಿ ಬೇಯಿಸಿದರೂ ಸಾಯದ ಬೀಜಾಣುಗಳಿರುತ್ತವೆ. ಅನ್ನ ಬೆಚ್ಚಗೆ ಬಹು ಹೊತ್ತು ಉಳಿದರೆ ಅವು ಬೆಳೆದು ವಿಷ ಕಟ್ಟುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗದು. ನಮ್ಮ ಹಳಬರಿಗೆ ಬೀಜಾಣುವಿನ ಹೆಸರು ತಿಳಿಯದಿದ್ದರೂ, ರಾತ್ರಿಯ ಅನ್ನಕ್ಕೆ ನೀರನ್ನೋ ಮಜ್ಜಿಗೆಯನ್ನೋ ಹೊಯ್ದು ಹುಳಿಯಾಗಲು ಬಿಡಬೇಕೆಂಬುದು ತಿಳಿದಿತ್ತು. ಒಡಿಶಾದ ಪಖಾಳ, ಬಂಗಾಳದ ಪಾಂತಾಭಾತ್, ನಮ್ಮ ಹಳ್ಳಿಗಳ ತಂಗಳನ್ನ ಮಜ್ಜಿಗೆ ಎಲ್ಲವೂ ಒಂದೇ ವಿದ್ಯೆಯ ಶಾಖೆಗಳು. ಗುಜರಾತಿನಲ್ಲಿ ಶೀತಲಾ ಸಪ್ತಮಿಯ ದಿನ ಒಲೆ ಹಚ್ಚದೆ, ಹಿಂದಿನ ದಿನ ಮಾಡಿಟ್ಟದ್ದನ್ನೇ ದೇವಿಗೆ ಅರ್ಪಿಸಿ ಉಣ್ಣುತ್ತಾರೆ. ಅಲ್ಲಿ ತಂಗಳೇ ಹಬ್ಬ.

ನಮ್ಮಲ್ಲಿ ಯುಗಾದಿಯ ಒಬ್ಬಟ್ಟಿನ ಸಾರನ್ನು ಇದಕ್ಕೆ ಎಣೆಯಾಗಿ ನಿಲ್ಲಿಸಬಹುದು. ಒಬ್ಬಟ್ಟಿಗೆ ತೊಗರಿಬೇಳೆಯನ್ನೋ ಕಡಲೆಬೇಳೆಯನ್ನೋ ಬೇಯಿಸಿ ನೀರನ್ನು ಬಸಿಯಬೇಕು. ಬಸಿಯದಿದ್ದರೆ ಹೂರಣ ಗಟ್ಟಿಯಾಗದು. ಬಸಿದ ನೀರಿಗೆ 'ಕಟ್ಟು' ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಸಾರಿಗೂ ಕಟ್ಟಿನ ಸಾರೆಂದೇ ಹೆಸರು. ಮರಾಠಿಗರು ಅದನ್ನು ಕಟಾಚಿ ಆಮಟಿ ಎನ್ನುತ್ತಾರೆ. ಬೇಳೆಯ ಸತ್ವದಲ್ಲಿ ಒಂದು ಭಾಗ ಆ ನೀರಿಗಿಳಿದಿರುತ್ತದೆ. ಅದಕ್ಕೆ ಹುಣಿಸೆಹುಳಿ, ಸಾರಿನಪುಡಿ, ರುಬ್ಬಿದ ಕಾಯಿ, ಒಂದು ಮುಷ್ಟಿ ಹೂರಣ ಸೇರಿ ಕುದಿದಾಗ ಸಿಹಿ, ಹುಳಿ, ಖಾರ ಮೂರೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಮೂರು ದಿನ ಕುದಿಸಿ ಕುದಿಸಿ ಇಟ್ಟ ಸಾರಿನ ರುಚಿಯ ಮುಂದೆ ಹಬ್ಬದ ದಿನದ ಸಾರು ಇನ್ನೂ ಎಳಸು. ನಮ್ಮ ಮನೆಯಲ್ಲಿ ಒಬ್ಬಟ್ಟಿಗೆ ಕೈಚಾಚುತ್ತಿದ್ದವರು ಮಕ್ಕಳು. ದೊಡ್ಡವರು ಕಾಯುತ್ತಿದ್ದುದು ಮರುದಿನದ ಸಾರಿಗೆ. ಹಳೆಯ ಮೈಸೂರಿನ ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕೆಂದು ಮಾಂಸದಡಿಗೆ ಮಾಡುವ ಮನೆಗಳು ಬಹಳ. ಆ ಮನೆಗಳಲ್ಲಿಯೂ ಒಲೆಯ ಒಂದು ಮೂಲೆಯಲ್ಲಿ ಈ ಸಾರಿನ ಪಾತ್ರೆ ತನ್ನ ಸ್ಥಾನವನ್ನು ಬಿಟ್ಟುಕೊಡುವುದಿಲ್ಲ. ಹೀರೇಕಾಯಿಯ ಸಿಪ್ಪೆಯ ಚಟ್ನಿ, ಕರಾವಳಿಯ ಕಲ್ಲಂಗಡಿ ತಿರುಳಿನ ದೋಸೆ, ಬಾಳೆದಿಂಡಿನ ಪಲ್ಯ ಇವನ್ನೆಲ್ಲ ಹೇಳುತ್ತ ಹೋದರೆ ಹೊತ್ತು ಸಾಲದು.

ಕೆಡದೆ ಉಳಿಯುವುದೇ ಧಾನ್ಯದ ದೊಡ್ಡ ಗುಣವೆಂದು ಸಾರಿದ ಕವಿಯೊಬ್ಬ ನಮ್ಮಲ್ಲಿದ್ದಾನೆ. ಕನಕದಾಸರ 'ರಾಮಧಾನ್ಯಚರಿತ್ರೆ'ಯಲ್ಲಿ ಬತ್ತಕ್ಕೂ ರಾಗಿಗೂ ಜಗಳವಾದಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆಯಿಂದ ಹೊರಬರುವಾಗ ಬತ್ತ ಕಂಗೆಟ್ಟಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ಇದನ್ನು ಕುಲದ ಮೇಲು ಕೀಳುಗಳ ರೂಪಕವಾಗಿ ವಿಮರ್ಶಕರು ಓದಿರುವುದು ಸರಿಯೇ. ಆದರೆ ಅದು ಹಗೇವಿನ ಅನುಭವವೂ ಹೌದು. ನೆಲದೊಳಗಿನ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆಂಬುದನ್ನು ಒಕ್ಕಲುಮಗ ಬಲ್ಲ. ರಾತ್ರಿಯ ಮುದ್ದೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿದರೆ ಅಂಬಲಿಯಂತಾಗಿ ಹೊಲಕ್ಕೆ ಹೋಗುವವನ ಹೊಟ್ಟೆ ತಣಿಸುತ್ತದೆ ಎಂಬುದನ್ನು ಅವನ ಹೆಂಡತಿ ಬಲ್ಲಳು.

ಉಳಿಸುವುದಕ್ಕೇ ಏನೂ ಇಲ್ಲದ ಕಾಲವೂ ಬಂದಿತ್ತು. ಧಾತು ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನ ಬರ, ಮೈಸೂರು ಸಂಸ್ಥಾನವನ್ನು ಹೇಗೆ ಹಿಂಡಿತೆಂಬುದನ್ನು ಖಾನೆಷುಮಾರಿಯ ಎರಡು ಅಂಕಿಗಳು ಹೇಳುತ್ತವೆ: 1871ರಲ್ಲಿ ಜನಸಂಖ್ಯೆ 50 ಲಕ್ಷಕ್ಕೆ ಮೇಲೆ, 1881ರಲ್ಲಿ ಸುಮಾರು 42 ಲಕ್ಷ. ಅಂಥ ಬರವನ್ನು ಕಂಡು ಬದುಕಿದವರ ಮಕ್ಕಳು ಮೊಮ್ಮಕ್ಕಳು ಅಗಳನ್ನು ತುಳಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಕೇಳಿಕೊಂಡಾಗ ಸೋಮವಾರದ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದವು. ಆ ಮಾತು ಜನಕ್ಕೆ ಹೊಸದಾಗಿ ಕೇಳಿಸಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಹಿರಿಯರ ಮಿತವ್ಯಯವನ್ನು ಹೊಗಳಿದಂತಾದೀತು. ಯಾರು ಉಂಡರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಬಿಸಿಯನ್ನ ಮೊದಲ ಪಂಕ್ತಿಯ ಗಂಡಸರಿಗೆ. ತಳದ ಅನ್ನ ಕೊನೆಯಲ್ಲಿ ಕುಳಿತ ಹೆಂಗಸರಿಗೆ. ತಂಗಳಿನ ಜಾಣ್ಮೆಯೆಲ್ಲ ಹೆಂಗಸಿನದಾದದ್ದು ತಂಗಳೂ ಅವಳದೇ ಆದದ್ದರಿಂದ ಎಂದರೆ ತಪ್ಪಾಗಲಾರದು. ಮನೆಯ ಹೊರಗೆ ಇದಕ್ಕಿಂತ ಕಠಿಣವಾದ ಕ್ರಮವಿತ್ತು. ಹಬ್ಬದ ದಿನ ಸಂಜೆ ದುಡಿಯುವ ಕೇರಿಗಳ ಜನ ಪಾತ್ರೆ ಹಿಡಿದು ಹಿತ್ತಲ ಬಾಗಿಲಿಗೆ ಬರಬೇಕು, ಮೇಲಿನಿಂದ ಹಾಕಿದ್ದನ್ನು ಪಡೆಯಬೇಕು. ಅದನ್ನು ಅವರ 'ಹಕ್ಕು' ಎಂದು ಕರೆಯುವ ವಾಡಿಕೆಯಿತ್ತು. ಕೂಲಿಯ ಬದಲಿಗೆ ಕೂಳು. ಕೊಡುವವನು ಅದನ್ನು ಧರ್ಮವೆಂದು ತಿಳಿದಿದ್ದ. 1927ರ ಮಾರ್ಚಿಯಲ್ಲಿ ಮಹಾಡದ ಪರಿಷತ್ತಿನಲ್ಲಿ ಡಾಕ್ಟರ್ ಅಂಬೇಡ್ಕರರು ತಮ್ಮ ಜನಕ್ಕೆ ಕೊಟ್ಟ ಉಪದೇಶಗಳಲ್ಲಿ, ಎಸೆದ ತುತ್ತನ್ನು ಇನ್ನು ಮುಟ್ಟಬಾರದೆಂಬುದೂ ಒಂದು. ಅದರ ಮರುದಿನವೇ ಅವರು ಚೌದಾರ್ ಕೆರೆಯ ನೀರನ್ನು ಕುಡಿದದ್ದು ಎಲ್ಲರಿಗೂ ತಿಳಿದಿದೆ. ತುತ್ತಿನ ಮಾತನ್ನು ನೆನೆಯುವವರು ಕಡಿಮೆ. ಓಂಪ್ರಕಾಶ ವಾಲ್ಮೀಕಿಯವರು ಹಿಂದಿಯಲ್ಲಿ ಬರೆದು 1997ರಲ್ಲಿ ಪ್ರಕಟಿಸಿದ ಆತ್ಮಕಥೆಗೆ 'ಜೂಠನ್', ಎಂದರೆ ಎಂಜಲು, ಎಂದೇ ಹೆಸರಿಟ್ಟರು. ನಮ್ಮ ಮನೆಯ ತಂಗಳು ಬಾಗಿಲು ದಾಟಿದೊಡನೆ ಇನ್ನೊಬ್ಬರ ಪಾಲಿಗೆ ಎಂಜಲಾಗುತ್ತಿತ್ತು. ಆ ಹೊಸ್ತಿಲನ್ನು ಬಿಟ್ಟು ನಮ್ಮ ಅಡಿಗೆಯ ಚರಿತ್ರೆಯನ್ನು ಬರೆಯಲು ಬರುವುದಿಲ್ಲ.

ಪಟ್ಟಣದ ಮನೆಗಳಿಗೆ ತಣ್ಣನೆಯ ಪೆಟ್ಟಿಗೆ ಬಂದ ಮೇಲೆ ಹಿತ್ತಲ ಬಾಗಿಲಿಗೆ ಕೆಲಸ ಕಡಿಮೆಯಾಗಿದೆ. ಮಿಕ್ಕದ್ದು ಡಬ್ಬಿಯೊಳಗೆ ಸೇರಿ ನಾಲ್ಕು ದಿನ ಕಣ್ಮರೆಯಾಗಿರುತ್ತದೆ; ಅನೇಕ ವೇಳೆ ಐದನೆಯ ದಿನ ಚೆಲ್ಲಿಸಿಕೊಳ್ಳುವುದಕ್ಕಾಗಿಯೇ ಹೊರಗೆ ಬರುತ್ತದೆ. ಒಬ್ಬಟ್ಟನ್ನು ಅಂಗಡಿಯಿಂದ ತರುವುದು ಬೆಂಗಳೂರಿನಲ್ಲಿ ಈಗ ಸಾಮಾನ್ಯ. ಅಂಗಡಿಯವನು ಒಬ್ಬಟ್ಟನ್ನು ಕೊಡುತ್ತಾನೆ, ಕಟ್ಟನ್ನು ಕೊಡುವುದಿಲ್ಲ. ಸಾರಿನ ಆಸೆಯುಳ್ಳವರು ಬೇಳೆಯನ್ನು ಬರಿಯ ನೀರಿಗಾಗಿಯೇ ಬೇಯಿಸಿ ಬಸಿಯುತ್ತಾರೆ. ಬಸಿದು ಮಿಕ್ಕ ಬೇಳೆಯನ್ನು ಏನು ಮಾಡುತ್ತೀರೆಂದು ನನ್ನ ಪರಿಚಯದ ಗೃಹಿಣಿಯೊಬ್ಬರನ್ನು ಕೇಳಿದೆ. ಮರುದಿನ ಕೋಸಿನ ಪಲ್ಯಕ್ಕೆ ಹಾಕುತ್ತಾರಂತೆ.