ಗಾಡಿ ಬಂತಾ, ಶೆಟ್ರೇ?

ಚೋಳೆಗಾಂವಿನ ಆಗ್ರಿ ಕುಟುಂಬಗಳು ಭತ್ತ ಬೆಳೆಯುತ್ತಿದ್ದಷ್ಟು ಕಾಲ ಮುಂಬೈ-ಕಲ್ಯಾಣ ಹಾದಿಯ ನಮ್ಮ ಠಾಕುರ್ಲಿಗೆ ತನ್ನದೆನ್ನಲು ಒಂದಿಷ್ಟು ಅಕ್ಕಿಯಾದರೂ ಇತ್ತು. ಈಗ ಆ ಗದ್ದೆಗಳ ಮೇಲೆ ಕಟ್ಟಡಗಳು ಎದ್ದಿವೆ, 90 ಅಡಿ ರಸ್ತೆ ಹಾದಿದೆ. ಬೇಳೆ, ಗೋಧಿ, ಎಣ್ಣೆ, ಉಪ್ಪು ಎಲ್ಲವೂ ಘಾಟಿ ಇಳಿದು ಬರಬೇಕು, ಇಲ್ಲವೇ ಖಾಡಿ ದಾಟಿ ಬರಬೇಕು. ಇಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಮುದುಕನಾದವನು ನಾನು. ಊರಿಗೆ ಗಾಬರಿ ಹಿಡಿದಾಗಲೆಲ್ಲ ಗಿರಾಕಿಗಳು ಕೇಳಿದ್ದು ಒಂದೇ ಮಾತು: "ಗಾಡಿ ಬಂತಾ, ಶೆಟ್ರೇ?" ಗಾಡಿ ತಂದವನು ಯಾರು, ಅವನು ಉಂಡನೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ.

ಮೊದಲು ಇಲ್ಲಿ ಗಾಡಿ ಎಂದರೆ ರೈಲುಗಾಡಿ. 1854ರ ಮೇ 1ರಂದು ಹಳಿ ಕಲ್ಯಾಣಕ್ಕೆ ಬಂದು ಮುಟ್ಟಿತು. ಮುಂದೆ ವಿದ್ಯುತ್ ರೈಲುಗಳಿಗೆಂದು ಜಿ.ಐ.ಪಿ. ರೈಲ್ವೆ ಇಲ್ಲಿ ಚೋಳಾ ಪವರ್‌ಹೌಸ್ ಕಟ್ಟಿತು. ಕುಂದಾಪುರದ ಕಡೆಯಿಂದ ಬಂದ ನನ್ನ ಅಪ್ಪ ಅಲ್ಲಿ ಕೆಲಸಕ್ಕೆ ಸೇರಿದರು, ಬಾವನ್ ಚಾಳಿನ ರೈಲ್ವೆ ಖೋಲಿಯಲ್ಲಿ ನಾವು ಬೆಳೆದೆವು. ಒಲೆಗೆ ಬೇಕಾದ ಕಲ್ಲಿದ್ದಲೂ ಅನ್ನಕ್ಕೆ ಬೇಕಾದ ಅಕ್ಕಿಯೂ ವ್ಯಾಗನ್ನಿನಲ್ಲೇ ಬರುತ್ತಿದ್ದ ಕಾಲ ಅದು.

ಅಭಾವದ ಕಥೆ ನಮ್ಮ ಮನೆಗೆ ಬಂದದ್ದು ದೊಡ್ಡಪ್ಪನ ಬಾಯಿಂದ. ಯುದ್ಧಕಾಲದಲ್ಲಿ ಅವರು ಬೊಂಬಾಯಿಯ ಕೋಟೆ ಭಾಗದ ಉಡುಪಿ ಹೋಟೆಲೊಂದರಲ್ಲಿ ಮಾಣಿಯಾಗಿದ್ದರು. 1942ರಲ್ಲಿ ಬರ್ಮಾ ಜಪಾನಿಯರ ಕೈಸೇರಿತು, ಹಡಗಿನಲ್ಲಿ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಅದೇ ಹೊತ್ತಿಗೆ ವಿಜಾಪುರ ಜಿಲ್ಲೆಯಲ್ಲಿ ಬರ. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೊಂಬಾಯಿ ಶಹರದಲ್ಲಿ ರೇಶನ್ ಕಾರ್ಡು ಜಾರಿಗೆ ಬಂದದ್ದು 1943ರ ಮೇ 2ರಂದು. ರೈಲ್ವೆ ತನ್ನ ನೌಕರರಿಗೆಂದು ಬೇರೆಯೇ ಧಾನ್ಯದ ಅಂಗಡಿ ತೆರೆದು ಅಗ್ಗದ ದರದಲ್ಲಿ ಹಂಚಿತು. ಆಗ ಕಾಳು ನಿಜವಾಗಿಯೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ನಾನು ಕಂಡ ಗಾಬರಿಗಳಲ್ಲಿ ಹೆಚ್ಚಿನವು ಬೇರೆ ಜಾತಿಯವು.

1965-66ರ ಬರಗಾಲ ನನಗೇ ನೆನಪಿದೆ. ಅಮೆರಿಕದಿಂದ ಬಂದ ಕೆಂಪು ಜೋಳ, ಮಿಲೋ ಎನ್ನುತ್ತಿದ್ದರು. ಅಮ್ಮ ಅದನ್ನು ನೆನೆಸಿ, ರುಬ್ಬಿ, ಏನು ಮಾಡಿದರೂ ನಮ್ಮ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಾಳಿನ ಹೆಂಗಸರು ರೇಶನ್ ಅಂಗಡಿಯ ಮುಂದೆ ಕಲ್ಲು, ಚೀಲ, ಡಬ್ಬಿ ಇಟ್ಟು ಸಾಲು ಹಿಡಿಯುತ್ತಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಇವತ್ತಿಗೂ ಒಂದು ಡಬ್ಬಿ ಅಕ್ಕಿ ಹೆಚ್ಚಿಗೆ ಇರುವುದು ಆ ಸಾಲಿನಿಂದ ಕಲಿತ ಅಭ್ಯಾಸ. ಅದನ್ನು ದುರಾಸೆ ಎಂದು ಬೈಯುವವರೊಂದಿಗೆ ನಾನು ಸೇರಲಾರೆ.

1974ರ ಮೇ 8ರಂದು ರೈಲ್ವೆ ಮುಷ್ಕರ ಶುರುವಾಯಿತು. ಮುಂದಾಳು ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ಮೇ 27ರವರೆಗೆ ನಡೆಯಿತು. ಅಪ್ಪನಿಗೆ ಸಂಬಳವಿಲ್ಲ, ಖೋಲಿ ಖಾಲಿ ಮಾಡಿಸುತ್ತಾರೆಂಬ ಭಯ ಬೇರೆ. ಠಾಕುರ್ಲಿಯ ಒಬ್ಬ ಕಛ್ಛಿ ವ್ಯಾಪಾರಿ ಇಡೀ ಚಾಳಿಗೆ ಉದ್ದರಿ ಕೊಟ್ಟರು, ಬಡ್ಡಿಯ ಮಾತೆತ್ತಲಿಲ್ಲ. ನಾನು ಅಂಗಡಿ ಹಾಕಬೇಕೆಂದು ಮನಸ್ಸು ಮಾಡಿದ್ದು ಅವರನ್ನು ನೋಡಿ. ಸರಕು ಎಲ್ಲಿಂದ ತರುತ್ತೀರಿ ಎಂದು ಅವರನ್ನು ಕೇಳಿದ್ದೆ. ವ್ಯಾಗನ್ ನಿಂತರೇನಂತೆ, ಲಾರಿಗಳು ಓಡುತ್ತಿವೆಯಲ್ಲ ಎಂದಿದ್ದರು.

ಆಮೇಲಿನದೆಲ್ಲ ಲಾರಿಯ ಕಾಲವೇ. ಮುಂಬೈಯ ಮಸೀದಿ ಬಂದರ್, ಭಾಯಖಳಾಗಳಲ್ಲಿದ್ದ ಸಗಟು ಪೇಟೆಗಳು ಒಂದೊಂದಾಗಿ ವಾಶಿಗೆ ಬಂದವು. ತರಕಾರಿ, ಹಣ್ಣಿನ ಪೇಟೆ ಬಂದದ್ದು 1996ರಲ್ಲಿ. ನಾಸಿಕದ ಈರುಳ್ಳಿ ಕಸಾರಾ ಘಾಟಿ ಇಳಿದು ಭಿವಂಡಿಯ ಮೇಲೆ, ಜುನ್ನರಿನ ಟೊಮೆಟೊ ಮಾಳಶೇಜ್ ಘಾಟಿ ಇಳಿದು ಮುರಬಾಡದ ಮೇಲೆ ಕಲ್ಯಾಣಕ್ಕೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ, ವಿಜಾಪುರದ ಜೋಳ, ನಿಪ್ಪಾಣಿ ಕಡೆಯ ಬೆಲ್ಲ ಖಂಡಾಲಾ ಇಳಿದು ಕಳಂಬೋಲಿ, ಶಿಲ್‌ಫಾಟಾ ದಾಟಿ ಬರುತ್ತವೆ. ನಮ್ಮವರಿಗೆ ಬೇಕೇ ಬೇಕಾದ ಕುಚ್ಚಲಕ್ಕಿ ಮಾತ್ರ ಕರಾವಳಿಯ ರಸ್ತೆಯಲ್ಲಿ ಬರುತ್ತಿತ್ತು. 1999ರಲ್ಲಿ ಕೊಂಕಣ ರೈಲ್ವೆ ರೋರೋ ಸೇವೆ ತೆರೆಯಿತು: ತುಂಬಿದ ಲಾರಿಯನ್ನೇ ರೈಲಿನ ಚಪ್ಪಟೆ ವ್ಯಾಗನ್ನಿಗೆ ಹತ್ತಿಸಿ ಕೊಲಾಡದಿಂದ ಗೋವಾಕ್ಕೆ, ಮುಂದೆ ಸುರತ್ಕಲ್‌ಗೂ ಒಯ್ಯುವುದು. ಆ ಹಾದಿಯ ಚಾಲಕರು ಅದನ್ನು ಹೊಗಳಿದ್ದು ಡೀಸೆಲ್ ಉಳಿತಾಯಕ್ಕಲ್ಲ. ಗಾಡಿ ಓಡುತ್ತಿರುವಾಗಲೇ ಕ್ಯಾಬಿನ್ನಿನಲ್ಲಿ ಮಲಗಬಹುದಲ್ಲ, ಅದಕ್ಕೆ.

ನಿದ್ದೆಯ ಮಾತು ಬಂತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ನನ್ನ ಅಂಗಡಿಯ ಮುಂದೆ ಗೋಣಿ ಇಳಿಸಿದ ಚಾಲಕರಲ್ಲಿ ಆ ಲೆಕ್ಕಕ್ಕೆ ಸಿಕ್ಕಿದವರನ್ನು ನಾನು ಕಾಣೆ. ಹಿಂದೆ ಹಳ್ಳಿಯ ಹುಡುಗ ಕ್ಲೀನರ್ ಆಗಿ ಹತ್ತುತ್ತಿದ್ದ. ಟಯರ್ ಬಿಚ್ಚುತ್ತ, ಉಸ್ತಾದನಿಗೆ ಚಹಾ ತರುತ್ತ ಸ್ಟಿಯರಿಂಗ್ ಕಲಿಯುತ್ತಿದ್ದ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ಸರಕಾರ ತೆಗೆದುಹಾಕಿತು, ಚಾಲಕರು ಸಿಗುತ್ತಿಲ್ಲವೆಂದೇ. ಆದರೂ ಕ್ಲೀನರ್ ಇಲ್ಲದ ಗಾಡಿಗಳೇ ಹೆಚ್ಚು. ಕಲಿಯುವವನು ಇಲ್ಲವೆಂದರೆ ನಾಳೆ ಓಡಿಸುವವನು ಎಲ್ಲಿಂದ ಬಂದಾನು? ಸಂಕೇಶ್ವರದ ಕಡೆಯ ಒಬ್ಬ ಚಾಲಕ ನನ್ನೆದುರು ಹೇಳಿದ್ದ: "ಸಾವಕಾರ್ರ, ನನ್ನ ಮಗಾ ಏನರ ಮಾಡ್ಲಿ, ಗಾಡಿ ಮಾತ್ರ ಹತ್ತೂದು ಬ್ಯಾಡ್ರಿ."

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ ಬಂದು, ಕೊರೊನಾ ತಡೆಯಲು ಮಧ್ಯರಾತ್ರಿಯಿಂದ 21 ದಿನ ದೇಶ ಬಂದ್ ಎಂದರು. ಅವರ ಮಾತು ಮುಗಿಯುವ ಮೊದಲೇ ಜನ ನನ್ನ ಅಂಗಡಿಯ ಕಟ್ಟೆಯ ಮೇಲಿದ್ದರು. ಮೊದಲು ಹೋದದ್ದು ಗೋಧಿಹಿಟ್ಟು, ಆಮೇಲೆ ತೊಗರಿಬೇಳೆ, ಎಣ್ಣೆ, ಉಪ್ಪು. ಕೈಯಲ್ಲಿ ದುಡ್ಡಿದ್ದವರು ಗೋಣಿಗಟ್ಟಲೆ ಕೇಳಿದರು. ಪಾವು ಕಿಲೋ ಬೇಳೆಯಲ್ಲಿ ದಿನ ಕಳೆಯುವ ಕಟ್ಟಡ ಕೆಲಸದವರು ಬಾಗಿಲಿಗೆ ಬರುವಷ್ಟರಲ್ಲಿ ಏನೂ ಉಳಿಯದು ಎಂದು ಕಂಡಿತು. ಮನೆಗೆ ಐದು ಕಿಲೋ ಮೇಲೆ ಕೊಡುವುದಿಲ್ಲ ಎಂದು ಹಲಗೆ ಬರೆದು ನೇತುಹಾಕಿದೆ. ಹಳೆಯ ಗಿರಾಕಿಗಳು ಮುನಿಸಿಕೊಂಡರು. ಮುನಿಸಿಕೊಳ್ಳಲಿ, ಆ ಹಲಗೆಯನ್ನು ಇಂದಿಗೂ ನಾನು ಸರಿಯೆನ್ನುತ್ತೇನೆ.

ದೇಶದಲ್ಲಿ ಧಾನ್ಯವಿರಲಿಲ್ಲವೇ? ಆಹಾರ ನಿಗಮದ ಗೋದಾಮುಗಳಲ್ಲಿ 5 ಕೋಟಿ ಟನ್ನಿಗೂ ಮಿಕ್ಕಿ ಅಕ್ಕಿ, ಗೋಧಿ ತುಂಬಿತ್ತು. 1943ಕ್ಕೂ ಇದಕ್ಕೂ ಇರುವ ಅಂತರ ಅದೇ. ನಿಂತದ್ದು ಕಾಳಲ್ಲ, ಕಾಳು ತರುವವನು. ರಾಜ್ಯದ ಗಡಿಗಳಲ್ಲಿ ಲಾರಿ ಸಾಲುಗಟ್ಟಿತು. ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಎಲ್ಲ ಸರಕಿನ ಲಾರಿಗಳನ್ನೂ ಬಿಡಿ ಎಂದು ರಾಜ್ಯಗಳಿಗೆ ಬರೆಯಿತು. ಆದರೆ ಹೆದ್ದಾರಿಯ ಢಾಬಾಗಳನ್ನು ಹೆಸರಿಸಿ ಕೇಂದ್ರದ ಮಾರ್ಗಸೂಚಿಯಲ್ಲಿ ಬರೆದದ್ದು ಏಪ್ರಿಲ್ 15ಕ್ಕೆ. ಆ ನಡುವಿನ ದಿನಗಳಲ್ಲಿ ಬಂದ ಬೆಲ್ಲದ ಗಾಡಿಯವನಿಗೆ ನನ್ನ ಹೆಂಡತಿ ಗಂಜಿ, ಉಪ್ಪಿನಕಾಯಿ ಬಡಿಸಿದಳು. "ಕೊಲ್ಲಾಪುರ ಬಿಟ್ಟ ಮ್ಯಾಲ ಬಿಸ್ಕೀಟ್ ಬಿಟ್ರ ಏನೂ ಸಿಕ್ಕಿಲ್ರೀ ಅಕ್ಕಾರ. ಪಂಚರ್ ಆದ್ರ ದೇವ್ರೇ ಗತಿ" ಎಂದ. ಅವನ ಜೊತೆಯವರು ಅನೇಕರು ಗಾಡಿ ನಿಲ್ಲಿಸಿ ಕೀಲಿ ಕೊಟ್ಟು ಊರಿಗೆ ಹೋಗಿದ್ದರಂತೆ. ಚಾಲಕರ ಕೊರತೆ ಎಂದು ಪತ್ರಿಕೆಗಳು ಬರೆದದ್ದು ಇದನ್ನೇ. ಮೇ 11ರಿಂದ 17ರವರೆಗೆ ಸೋಂಕು ಹೆಚ್ಚಿ ವಾಶಿ ಪೇಟೆಯೇ ಮುಚ್ಚಿತು. ಅಲ್ಲಿ ಬೆನ್ನ ಮೇಲೆ ಮೂಟೆ ಹೊರುವ ಮಾಥಾಡಿಗಳೂ ಜೀವಭಯದಲ್ಲಿದ್ದರು.

2024ರ ಹೊಸವರ್ಷಕ್ಕೆ ಇನ್ನೊಂದು ಗಾಬರಿ. ಅಪಘಾತದಲ್ಲಿ ಒಬ್ಬರ ಸಾವಿಗೆ ಕಾರಣನಾಗಿ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸಜೆ ಎನ್ನುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ವಿರುದ್ಧ ಚಾಲಕರು ಗಾಡಿ ನಿಲ್ಲಿಸಿದರು. ಟ್ಯಾಂಕರ್ ಬಾರದೆಂದು ಠಾಣೆ, ನವಿ ಮುಂಬೈ, ಡೊಂಬಿವಲಿಯ ಪಂಪುಗಳಲ್ಲಿ ಬೈಕುಗಳ ಸಾಲು. ಜನವರಿ 2ರ ರಾತ್ರಿ ಸರಕಾರ ಮಾತುಕತೆಗೆ ಒಪ್ಪಿತು. ಆ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಉಪಕಲಂ ಒಂದನ್ನು ಬದಿಗಿಟ್ಟರು. ಸತ್ತವರ ಮನೆಯವರ ನೋವು ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗುಂಪು ಸೇರಿ ಹೊಡೆಯುತ್ತದೆಂದು ಚಾಲಕ ಓಡುತ್ತಾನೆ ಎಂಬುದೂ ನಾನು ಕಂಡ ಸತ್ಯ.

2025ರಲ್ಲಿ ಹೊಸ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಯಿತು. ಒಳ್ಳೆಯದಾಯಿತು. ನಮ್ಮ ಕಲ್ಯಾಣ-ಶಿಲ್ ರಸ್ತೆಯಲ್ಲಿ ಮಾತ್ರ, ಹಗಲು ಒಳಗೆ ಬಿಡದ ಹೊತ್ತಿನಲ್ಲಿ, ಲಾರಿಗಳು ಇಂದಿಗೂ ಮೋರಿಯ ಬದಿಗೇ ನಿಲ್ಲುತ್ತವೆ. ಒಂದು ನಳ, ಒಂದು ಶೌಚಾಲಯ, ಮಲಗಲು ನೆರಳಿರುವ ಒಂದು ಅಂಗಳ ಕೊಡಿ ಎಂದು ನಾವು ಕೆಲವು ವ್ಯಾಪಾರಿಗಳು ಅರ್ಜಿ ಬರೆದಿದ್ದೇವೆ. ಅಂಗಡಿ ಈಗ ಮಗನದು. ಮೊದಲ ಸಹಿ ಅವನೇ ಹಾಕಿದ್ದಾನೆ.