ಹೊನ್ನಿನ ನೆಲದ ಬಾವಿನೀರು

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಕ್ರಿ. ಶ. 1196ರಲ್ಲಿ ಎದ್ದ ಹೊಯ್ಸಳ ದೇಗುಲದ ಶಾಸನವನ್ನು ರಚಿಸಿದವನು ಕವಿ ಜನ್ನನೆಂಬುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದುದೇ ಆಗಿದೆ. ಕಡೂರು, ತರೀಕೆರೆ ಸೀಮೆಗಳ ಶಾಸನಗಳನ್ನು ರೈಸರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕೆರೆಬಾವಿಗಳನ್ನು ಕಟ್ಟಿಸಿದವರ ಪುಣ್ಯವನ್ನು ಹೊಗಳಿದ ಶಾಸನಕವಿಗಳು ಆಳದ ಬಂಡೆಯು ನೀರಿಗೆ ಏನನ್ನು ಬೆರೆಸುವುದೆಂದು ಕೇಳಲಿಲ್ಲ. ಮಳೆಯ ನೀರನ್ನು ಕಟ್ಟಿಕೊಂಡು ಕುಡಿದವರಿಗೆ ಆ ಪ್ರಶ್ನೆ ಹುಟ್ಟುವ ಪ್ರಸಂಗವೂ ವಿರಳ.

ಅಜ್ಜಂಪುರದ ಸುತ್ತಣ ನೆಲದಲ್ಲಿ ಚಿನ್ನಕ್ಕಾಗಿ ಅಗೆದ ಹಳೆಯ ಕುಳಿಗಳುಂಟು. ಇಂಥದೇ ಧಾರವಾಡ ಶಿಲಾವರ್ಗದ ಪಟ್ಟಿಗಳು ಹಟ್ಟಿ, ಮಸ್ಕಿ, ಸುರಪುರಗಳ ಕಡೆಯೂ ಇವೆ. 1915ರಲ್ಲಿ ಮಸ್ಕಿಯ ಅಶೋಕಶಾಸನವನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನೆಂಬುದನ್ನು ಇಲ್ಲಿ ನೆನೆಯಬಹುದು. ಚಿನ್ನದ ಅದುರಿನ ಜೊತೆಯಲ್ಲಿ ಅನೇಕ ವೇಳೆ ಆರ್ಸೆನೊಪೈರೈಟ್ ಎಂಬ ಖನಿಜವೂ ಇರುವುದು. ಅದು ಗಾಳಿನೀರುಗಳ ಸೋಂಕಿನಿಂದ ಶಿಥಿಲವಾದಾಗ ಅದರೊಳಗಣ ಪಾಷಾಣವು ಅಂತರ್ಜಲಕ್ಕೆ ಸೇರಬಲ್ಲುದು. ಹರಿತಾಳ, ಮನಶ್ಶಿಲೆಗಳ ರೂಪದಲ್ಲಿ ನಮ್ಮ ವೈದ್ಯರು ಬಲ್ಲ ಪಾಷಾಣವು ಬಣ್ಣದಿಂದ ಗುರುತು ಸಿಕ್ಕುತ್ತಿತ್ತು. ನೀರಿನಲ್ಲಿ ಕರಗಿದುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೂ ಅದು ಹೋಗದು.

ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ಕಿರದಳ್ಳಿ ತಾಂಡಾದಲ್ಲಿ ಇದು ಜನರ ಮೈಮೇಲೆಯೇ ತೋರಿತು. ಹತ್ತಿರದ ಮಂಗಳೂರು ಚಿನ್ನದ ಗಣಿಯು 1994ರಲ್ಲಿ ಮುಚ್ಚಿತ್ತು. ಅಂಗೈ ಅಂಗಾಲುಗಳು ಒರಟಾಗಿ ಗಂಟುಗಟ್ಟುವುದು, ಎದೆಬೆನ್ನುಗಳ ಮೇಲೆ ಮಳೆಹನಿಯಂಥ ಕಪ್ಪು ಚುಕ್ಕೆ, ಕೆಲವರಿಗೆ ಮಾಯದ ಹುಣ್ಣು, ಚರ್ಮದ ಅರ್ಬುದ: ಇವು ಅಲ್ಲಿಯ ಲಕ್ಷಣಗಳು. 2013ರಲ್ಲಿ ಪ್ರಕಟವಾದ ದೀಪಂಕರ ಚಕ್ರವರ್ತಿ ಮೊದಲಾದವರ ಅಧ್ಯಯನವು ಆ ಶಿಲಾಪಟ್ಟಿಯ 59 ನೀರಿನ ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವು, ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಇಟ್ಟ ಮಿತಿಯನ್ನು, ಎಂದರೆ ಲೀಟರಿಗೆ 10 ಮೈಕ್ರೋಗ್ರಾಮನ್ನು, ಮೀರಿದ್ದುವು. ತಾಂಡಾದಲ್ಲಿ ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಚಿಹ್ನೆಗಳಿದ್ದುವು. ಬಂಗಾಳದ ಬಾವಿಗಳಲ್ಲಿ ಈ ವಿಷ 1983ರಷ್ಟು ಹಿಂದೆಯೇ ಗೊತ್ತಾಗಿತ್ತು. ಆದರೆ ಅಲ್ಲಿ ಅದಕ್ಕೆ ಆಶ್ರಯ ನದಿಯ ಮೆಕ್ಕಲು, ಇಲ್ಲಿ ಗಟ್ಟಿ ಬಂಡೆ. ಆದುದರಿಂದ ಬಂಗಾಳದ ಅನುಭವವು ಕನ್ನಡ ನಾಡಿಗೆ ಎಚ್ಚರಿಕೆಯಾಗಿ ಬೇಗ ಒದಗಲಿಲ್ಲವೆಂದರೆ ಆಶ್ಚರ್ಯವಲ್ಲ.

ಇಷ್ಟರಿಂದ ಅಜ್ಜಂಪುರದ ನೀರೂ ಕೆಟ್ಟುದೆಂದು ಹೇಳುವುದು ತರ್ಕವಲ್ಲ. ಶಿಲೆಯ ಸಾಮ್ಯವು ಪರೀಕ್ಷೆಗೆ ಕಾರಣವಾಗಬಹುದೇ ಹೊರತು ತೀರ್ಪಿಗೆ ಆಧಾರವಾಗದು. ಒಂದೇ ಊರಿನ ಎರಡು ಬಾವಿಗಳೂ ಒಂದೇ ತೆರನಾಗಿರುವುದಿಲ್ಲ. ಕಡೂರಿನ ಕಡೆ ಕೊಳವೆಬಾವಿಗಳಲ್ಲಿ ಕಂಡಿರುವ ದೋಷ ಬೇರೆ, ಅದು ಫ್ಲೋರೈಡಿನದು. ಅದರ ಕಲೆ ಶಾಲೆಯ ಮಕ್ಕಳ ಹಲ್ಲಿನಲ್ಲಿಯೇ ಉಪಾಧ್ಯಾಯರಿಗೆ ಕಾಣುವುದು. ಪಾಷಾಣದ ಗುರುತಾದರೋ ವರ್ಷಗಟ್ಟಲೆ ನೀರು ಕುಡಿದ ಮೇಲೆ, ದುಡಿಯುವವನ ಒರಟು ಅಂಗೈಯಲ್ಲಿ ಮೂಡುವುದು. ಅದನ್ನು ಗುದ್ದಲಿಯ ಗುರುತೆಂದೇ ಮನೆಯವರು ತಿಳಿಯುವರು.