ವಂಚನೆಯ ಪಾಪ್-ಅಪ್ ಕಿಟಕಿಗಳು: ಆನ್‌ಲೈನ್ ಅರ್ಜಿದಾರರ ಗಮನಕ್ಕೆ

ಕುಕ್ಕುಂದೂರು ಹಾಗೂ ಕಾರ್ಕಳ ತಾಲೂಕಿನ ಇತರ ಗ್ರಾಮಗಳ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದವುಗಳಿಗಾಗಿ ಭೂಮಿ, ನಾಡಕಚೇರಿ ಮತ್ತು ಸೇವಾ ಸಿಂಧು ತಾಣಗಳನ್ನು ಬಳಸುವಾಗ ಈ ಕೆಳಗಿನ ಅಂಶಗಳನ್ನು ಗಮನಿಸುವುದು.

ಬ್ರೌಸರ್‌ನಲ್ಲಿ ತಾನಾಗಿ ತೆರೆದುಕೊಳ್ಳುವ ಕಿಟಕಿಗೆ ಪಾಪ್-ಅಪ್ ಎನ್ನುತ್ತಾರೆ. 1990ರ ದಶಕದಲ್ಲಿ ಜಾಹೀರಾತಿಗಾಗಿ ಇವು ಬಳಕೆಗೆ ಬಂದವು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನೊಂದಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಇವುಗಳನ್ನು ತಡೆಯುವ ಸೌಲಭ್ಯ ದೊರೆಯಿತು. ಆದುದರಿಂದ ವಂಚಕರು ಈಗ ಪ್ರತ್ಯೇಕ ಕಿಟಕಿಯ ಬದಲು ಪುಟದೊಳಗೇ ಕಿಟಕಿಯಂತೆ ಕಾಣುವ ಚಿತ್ರವನ್ನು ರಚಿಸುವುದುಂಟು. ಅದರ ಮೂಲೆಯಲ್ಲಿರುವ ಮುಚ್ಚುವ ಗುರುತೂ ಚಿತ್ರದ ಭಾಗವೇ ಆಗಿದ್ದು, ಅದನ್ನು ಒತ್ತಿದರೆ ಮುಚ್ಚುವ ಬದಲು ಮತ್ತೊಂದು ಪುಟ ತೆರೆಯಬಹುದು.

"ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಕರೆ ಮಾಡಿ" ಎಂಬ ಎಚ್ಚರಿಕೆಯು ಈ ಪೈಕಿ ಹೆಚ್ಚು ಅಪಾಯಕಾರಿ. ಪರದೆಯನ್ನೆಲ್ಲ ಆವರಿಸಿ, ಸದ್ದು ಮಾಡಿ, ಅರ್ಜಿದಾರರನ್ನು ಗಾಬರಿಗೊಳಿಸುವುದೇ ಇದರ ಉದ್ದೇಶ. ಕರೆ ಮಾಡಿದವರಿಂದ ಎನಿಡೆಸ್ಕ್‌ನಂತಹ ದೂರನಿಯಂತ್ರಣ ತಂತ್ರಾಂಶವನ್ನು ಹಾಕಿಸಿ ಬ್ಯಾಂಕ್ ಖಾತೆಯಿಂದ ಹಣ ತೆಗೆಯಲಾಗುತ್ತದೆ. ಮೈಕ್ರೋಸಾಫ್ಟ್‌ನ ನೈಜ ದೋಷ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಇಂತಹ ನಕಲಿ ತಾಂತ್ರಿಕ ನೆರವಿನ ಜಾಲಗಳ ವಿರುದ್ಧ ಸಿಬಿಐ 2023ರ ಅಕ್ಟೋಬರ್‌ನಲ್ಲಿ ಆಪರೇಷನ್ ಚಕ್ರ-2 ಕಾರ್ಯಾಚರಣೆ ನಡೆಸಿತ್ತು.

ಇನ್ನೊಂದು ವಿಧಾನವು ಅಧಿಸೂಚನೆಯ ಅನುಮತಿ. "ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದು ಸೂಚಿಸಿದಾಗ ಒಮ್ಮೆ ಒತ್ತಿದರೆ ಸಾಕು, ಆ ತಾಣ ಮುಚ್ಚಿದ ಬಳಿಕವೂ ಸುಳ್ಳು ಸಂದೇಶಗಳು ಬರುತ್ತಿರುತ್ತವೆ. ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಹಿಂದಿನ ಗ್ರಾಹಕರು ನೀಡಿದ ಅನುಮತಿಯು ನಿಮ್ಮ ಅರ್ಜಿಯ ನಡುವೆ ಕಾಣಿಸಿಕೊಳ್ಳಬಹುದು. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ವಿಭಾಗವನ್ನು ತೆರೆದು ಅಪರಿಚಿತ ತಾಣಗಳನ್ನು ತೆಗೆದುಹಾಕತಕ್ಕದ್ದು.

ಎಲ್ಲ ಪಾಪ್-ಅಪ್‌ಗಳೂ ವಂಚನೆಯಲ್ಲ. ಸರ್ಕಾರಿ ತಾಣಗಳಲ್ಲಿಯೂ ಮುನ್ನೋಟ ಅಥವಾ ಪಾವತಿಯ ಪುಟ ಪ್ರತ್ಯೇಕವಾಗಿ ತೆರೆಯುವುದುಂಟು (ಅರ್ಜಿದಾರರು ಗೊಂದಲಕ್ಕೀಡಾಗುವುದು ಇಲ್ಲಿಯೇ). ಅಂತಹ ಸಂದರ್ಭದಲ್ಲಿ ಆ ಒಂದು ತಾಣಕ್ಕೆ ಮಾತ್ರ ಅವಕಾಶ ನೀಡುವುದು. ಅದಕ್ಕೆ ಮುನ್ನ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚಿನ ಭಾಗವು "ಡಾಟ್ ಗವ್ ಡಾಟ್ ಇನ್" ಎಂದು ಕೊನೆಗೊಳ್ಳುವುದೇ ಎಂದು ನೋಡಿಕೊಳ್ಳಿ. ಬೀಗದ ಚಿಹ್ನೆಯೊಂದೇ ಸಾಕ್ಷ್ಯವಲ್ಲ.

ಪರದೆ ಸಿಲುಕಿಕೊಂಡಲ್ಲಿ ಪುಟದೊಳಗೆ ಏನನ್ನೂ ಒತ್ತದೆ, ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು, ಬಳಿಕ ಆಲ್ಟ್ ಮತ್ತು ಎಫ್4 ಕೀಲಿಗಳಿಂದ ಬ್ರೌಸರನ್ನು ಮುಚ್ಚಬಹುದು. ಹಣ ಕಳೆದುಕೊಂಡವರು ಬ್ಯಾಂಕಿಗೆ ಹಾಗೂ 1930 ಸಹಾಯವಾಣಿಗೆ ತಡಮಾಡದೆ ತಿಳಿಸತಕ್ಕದ್ದು. ಹಣ ಮುಂದಿನ ಖಾತೆಗೆ ಸಾಗುವ ಮುನ್ನ ತಡೆಹಿಡಿಯಲು ಆಗ ಮಾತ್ರ ಅವಕಾಶವಿರುತ್ತದೆ. ಉಡುಪಿಯ ಸೆನ್ ಪೊಲೀಸ್ ಠಾಣೆಯಲ್ಲಿಯೂ ದೂರು ಸಲ್ಲಿಸಬಹುದಾಗಿದೆ.